ಮೋಟಾರು ಮರೆತರೂ ನಾನು ಮರೆಯಲಿಲ್ಲ

ನಾನು ಒಂದು ರಿಮೋಟು. ಬೆಂಕಿಪೊಟ್ಟಣದಷ್ಟು ಮೈ, ಮೂರು ಗುಂಡಿ: ಮೇಲೆ, ಕೆಳಗೆ, ನಿಲ್ಲು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ; ಬಾಳಿದ್ದು ಹುಬ್ಬಳ್ಳಿಯ ಒಂದು ಮನೆಯಲ್ಲಿ, ಕಾರ್ ಶೆಡ್ಡಿನ ಶಟರ್ ಎತ್ತುತ್ತ, ಇಳಿಸುತ್ತ. ಹಗೆ ಮರೆಯುವ ಜಾತಿ ನನ್ನದಲ್ಲ, ಮೊದಲೇ ಹೇಳಿಬಿಡುತ್ತೇನೆ.

ನನ್ನ ಒಡತಿ ಶಾಂತವ್ವ. ಗಂಡ ತೀರಿಕೊಂಡ ಮೇಲೆ ಅವನ ವ್ಯಾನು ಓಡಿಸಲು ಕಲಿತು, ಓಣಿಯ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದಳು. ಅದೇ ಅವಳ ಅನ್ನ. ಬೆಳಗಾದರೆ ನನ್ನನ್ನು ಒತ್ತುವಳು. ಶೆಡ್ಡಿನ ಮೋಟಾರು ನನ್ನ ಗುರುತು ಹಿಡಿದು ಶಟರ್ ಎತ್ತುವುದು.

ಮನೆಯ ಇನ್ನರ್ಧ ಮೈದುನ ಗುರುಸಿದ್ದಪ್ಪನದು. ಹೊಸ ಕಾರು ಕೊಂಡವನು ಶೆಡ್ಡೆಲ್ಲ ತನಗೇ ಬೇಕೆಂದ. ಇವಳು ಒಪ್ಪಲಿಲ್ಲ. ಒಂದು ದಿನ ಮೆಕ್ಯಾನಿಕ್‌ನನ್ನು ಕರೆತಂದು, ಅವನು ಹತ್ತಿದ ಸ್ಟೂಲು ಹಿಡಿಯಲು ಶಾಂತವ್ವನನ್ನೇ ನಿಲ್ಲಿಸಿದ.

"ಮೋಟಾರಿನ ಈ ಗುಂಡಿ ದೀಪ ಆರೂತನಕ ಒತ್ತಿ ಹಿಡದ್ರ ಹಳೇ ರಿಮೋಟೆಲ್ಲಾ ಮರತು ಬಿಡ್ತೈತ್ರಿ," ಎಂದ ಮೆಕ್ಯಾನಿಕ್. "ಆಮ್ಯಾಲ ಒಮ್ಮೆ ಒತ್ತಿ, ಬೇಕಾದ ರಿಮೋಟ್ ಒತ್ರಿ. ಅದನ್ನಷ್ಟ ಕಲೀತೈತಿ."

"ನಂದಷ್ಟ ಕಲಸು."

"ವೈನಿಯವ್ರ ಮುಂದ..." ಮೆಕ್ಯಾನಿಕ್ ಸ್ಟೂಲು ಹಿಡಿದಿದ್ದ ಅತ್ತಿಗೆಯತ್ತ ನೋಡಿದ.

"ಅವ್ರಿಗೇನ್ ತಿಳೀತೈತಿ ಬಿಡು."

ಅಂದಿನಿಂದ ನಾನು ಎಷ್ಟು ಕೂಗಿದರೂ ಮೋಟಾರು ಮಿಸುಕಲಿಲ್ಲ. ಶಾಂತವ್ವ ದಿನಾ ಬೆಳಿಗ್ಗೆ ಮೈದುನನ ಬಾಗಿಲು ಬಡಿಯಬೇಕಾಯಿತು.

"ನಿಲ್ರಿ ವೈನಿ, ಪೂಜಿ ಮುಗಿಸಿ ಬರ್ತೀನಿ."

ಎಂದೂ ಇಲ್ಲದ ಭಕ್ತಿ ಅವನಿಗೆ ಉಕ್ಕಿ ಬಂದಿತ್ತು. ಮಕ್ಕಳು ತಲುಪುವಷ್ಟರಲ್ಲಿ ಶಾಲೆಯ ಗೇಟು ಮುಚ್ಚಿರುತ್ತಿತ್ತು. ತಾಯಂದಿರು ಒಬ್ಬೊಬ್ಬರಾಗಿ ಬೇರೆ ವ್ಯಾನು ಹಿಡಿದರು. ಆಕೆಯ ಚೀಲದಲ್ಲಿ ನಾನು ಕುದಿಯುತ್ತಿದ್ದೆ. ಆದರೆ ಆಕೆ ನನ್ನನ್ನು ಎಸೆಯಲಿಲ್ಲ; ಒಂದು ದಿನ ಸುಮ್ಮನೆ ಹೊಸ ಸೆಲ್ ಹಾಕಿದಳು. ಆಕೆಯೂ ಮರೆತಿಲ್ಲವೆಂದು ಆಗಲೇ ನನಗೆ ಅರ್ಥವಾಯಿತು.

ಆಯುಧ ಪೂಜೆ ಬಂತು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟಬಾರದೆಂಬುದು ಆ ಮನೆಯ ಕಟ್ಟಳೆ. ಗುರುಸಿದ್ದಪ್ಪ ತನ್ನ ರಿಮೋಟನ್ನು ತಟ್ಟೆಯಲ್ಲಿಟ್ಟು ಚೆಂಡುಹೂ ಏರಿಸಿದ. ಮೋಟಾರಿಗೂ ವಿಭೂತಿ ಹಚ್ಚಬೇಕು. ರೇಷ್ಮೆ ಮಡಿ ಉಟ್ಟವನು ಸ್ಟೂಲು ಹತ್ತುವನೇ? ಶಾಂತವ್ವನನ್ನು ಹತ್ತಿಸಿ, ತಾನು ಸ್ಟೂಲು ಹಿಡಿದು, ಹೊಸ ಕಾರಿನ ಹಾರವನ್ನೇ ನೋಡುತ್ತ ನಿಂತ.

"ಎಷ್ಟೊತ್ರಿ ವೈನಿ?"

"ಧೂಳ ಭಾಳ ಐತಪಾ. ಒರಸಾಕತ್ತೀನಿ."

ಆಕೆ ಒತ್ತಿ ಹಿಡಿದಿದ್ದ ಗುಂಡಿಯ ದೀಪ ಆರಿತು. ಆಕೆ ಮತ್ತೊಮ್ಮೆ ಒತ್ತಿದಳು. ಆಮೇಲೆ ಸೆರಗಿನ ಮರೆಯಲ್ಲಿ ನನ್ನನ್ನು. ಆಹಾ, ಅಂಥ ಸುಖ ನಾನು ಹುಟ್ಟಿದಾಗಲೂ ಕಂಡಿರಲಿಲ್ಲ! ರಾತ್ರಿ ಅವನು ಹೋಳಿಗೆ ಉಂಡು ಗೊರಕೆ ಹೊಡೆಯುವಾಗ ಶಟರ್ ಇಳಿಸಿದವನು ನಾನು.

ಮರುದಿನ ಬನ್ನಿ ಹಬ್ಬ. ಹೆಂಡತಿ, ಬೀಗರು ಸಿಂಗರಿಸಿಕೊಂಡು ಶೆಡ್ಡಿನ ಮುಂದೆ ನಿಂತಿದ್ದರು. ಗುರುಸಿದ್ದಪ್ಪ ರಿಮೋಟು ಒತ್ತಿದ, ಕುಟ್ಟಿದ, ಸೆಲ್ ಬದಲಿಸಿದ. ಕೊನೆಗೆ ಶಾಂತವ್ವನ ಬಾಗಿಲು ಬಡಿದ. ಆಕೆಯ ಕೈಯಲ್ಲಿ ನನ್ನನ್ನು ಕಂಡು ಮುಖ ಹುಳ್ಳಗಾಯಿತು.

"ನಿಲ್ಲಪಾ, ಪೂಜಿ ಮುಗಿಸಿ ಬರ್ತೀನಿ."

ಬೀಗರ ಎದುರು, ಬಿಸಿಲಲ್ಲಿ, ಅವನು ನಿಂತ. ಆಕೆ ನಿಧಾನವಾಗಿ ಬಂದು ಅವನ ಕೈಗೆ ಬನ್ನಿ ಎಲೆ ಇಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ನನ್ನನ್ನು ಒತ್ತಿದಳು.

ಈಗ ನನಗೆ ಮುಪ್ಪು. ಬೆನ್ನಿನ ಮುಚ್ಚಳವನ್ನು ರಬ್ಬರ್ ಬ್ಯಾಂಡು ಹಿಡಿದಿದೆ. ಮೋಟಾರಿನ ಪೆಟ್ಟಿಗೆಗೆ ಬೀಗ ಬಿದ್ದಿದೆ, ಕೀಲಿ ಶಾಂತವ್ವನ ಸೊಂಟದಲ್ಲಿದೆ. ಬಿಟ್ಟುಹೋದ ಮಕ್ಕಳು ಮರಳಿ ಬಂದಿದ್ದಾರೆ. ಅವರನ್ನು ಶಾಲೆಗೆ ಬಿಟ್ಟು ಬಂದ ಮೇಲೆಯೇ ಆಕೆ ಅವನ ಕಾರಿಗೆ ಶಟರ್ ಎತ್ತುವುದು.

"ನಂದೂ ಒಂದು ಕಲಸ್ರಿ ವೈನಿ," ಎಂದು ಅವನು ಗೋಗರೆಯುತ್ತಾನೆ. ಒಮ್ಮೊಮ್ಮೆ ಆಕೆಯ ಮನಸ್ಸು ಕರಗುವುದು ನನಗೆ ತಿಳಿಯುತ್ತದೆ. ನನ್ನದು ಕರಗಿಲ್ಲ. ನನಗೆ ಕೊಟ್ಟದ್ದು ಮೂರೇ ಗುಂಡಿ; ಕ್ಷಮಿಸಲು ಒಂದನ್ನೂ ಇಟ್ಟಿಲ್ಲ.