ಕೈಕೊಡದ ಕಂಪ್ಯೂಟರು

ಹೆಸರು ಹೇಳಿದರೆ ಅಲ್ಲಿನವರು ಮುನಿಸಿಕೊಳ್ಳುವ ಒಂದು ಊರಿನಲ್ಲಿ ಕುದುರೆಗಳು ಕಚೇರಿ ನಡೆಸುತ್ತಿದ್ದವು. ಕತ್ತೆಗಳು ತಮ್ಮ ಮನೆಯಲ್ಲೇ ಕೂತು ಆ ಕಚೇರಿಯ ಕೆಲಸ ಮಾಡಿಕೊಡುತ್ತಿದ್ದವು. ಬೆನ್ನ ಮೇಲೆ ಹೊರೆ ಹೊರುವ ಕಾಲ ಮುಗಿಯಿತೆಂದು ಕತ್ತೆಗಳಿಗೆಲ್ಲ ಬಲು ಹಿಗ್ಗು. ಬೂದಯ್ಯನೆಂಬ ಕತ್ತೆಯೂ ಬೆಳಗಾದರೆ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಗೊರಸಿನಿಂದ ಒಂದೊಂದೇ ಅಕ್ಷರ ಒತ್ತುತ್ತ, ಕುದುರೆಗಳ ಕಾಗದಗಳನ್ನು ಟೈಪು ಮಾಡುತ್ತಿದ್ದ.

ಆ ಕಂಪ್ಯೂಟರು ಆಗಾಗ ಹ್ಯಾಂಗ್ ಆಗಿ ನಿಂತುಬಿಡುತ್ತಿತ್ತು. ನಿಂತಾಗೆಲ್ಲ ಬೂದಯ್ಯ ಮಗಳು ಪುಟ್ಲಿಯನ್ನು ಕೂಗಿ, ಅದು ಮತ್ತೆ ಶುರುವಾಗುವ ತನಕ ಕತೆ ಹೇಳುತ್ತಿದ್ದ. ಹೆಂಡತಿ ಸಣ್ಣವ್ವ ಒಲೆ ತಗ್ಗಿಸಿ ಬಂದು ಕೂರುತ್ತಿದ್ದಳು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಗಾದೆ ಕಟ್ಟಿದವರು ಆ ಹೊತ್ತಿನಲ್ಲಿ ಆ ಮನೆಗೆ ಹೋಗಿ ನೋಡಿದವರಲ್ಲ. ಆದರೆ ಯಾವ ಕತೆಯೂ ಕೊನೆ ಮುಟ್ಟುತ್ತಿರಲಿಲ್ಲ. ಬಾಕಿ ಬಿದ್ದ ಕೆಲಸ ಮುಗಿಸಲು ಅವನು ಮಗಳು ಮಲಗಿದ ಮೇಲೂ ಕೂರಬೇಕಾಗುತ್ತಿತ್ತು.

“ಈ ಹಾಳಾದ್ದರಿಂದಲೇ ನೀವು ನಮಗೆ ಸಿಗ್ತಿಲ್ಲ ನೋಡಿ,” ಎಂದಳು ಸಣ್ಣವ್ವ. “ಒಳ್ಳೇದೊಂದು ತಂದ್ರೆ ದೀಪ ಹಚ್ಚೋ ಹೊತ್ತಿಗೆ ಕೆಲಸ ಮುಗಿಯುತ್ತೆ. ಆಮೇಲೆ ಪುಟ್ಲಿ ಅದರಲ್ಲಿ ಓದ್ಕೋಬಹುದು, ನೀವೂ ಒಂದು ಕತೆ ಪೂರ್ತಿ ಹೇಳಬಹುದು.”

ಪೇಟೆಯಲ್ಲಿ ಕಂಪ್ಯೂಟರು ಮಾರುತ್ತಿದ್ದದ್ದು ಒಂದು ಮುದಿ ಆಮೆ. ನರಿಯಾಗಿದ್ದರೆ ಬಯ್ದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆಮೆ ಸುಳ್ಳು ಹೇಳಿದ್ದೇ ಇಲ್ಲ.

“ಥಳುಕಿನದು ಬೇಡ ಅಣ್ಣ,” ಎಂದಳು ಸಣ್ಣವ್ವ. “ಇವರ ಕೆಲಸಕ್ಕೂ ಆಗಬೇಕು, ಮನೆಗೂ ಆಗಬೇಕು. ಕೈಕೊಡಬಾರದು, ಅಷ್ಟೆ.”

“ಹಾಗಾದ್ರೆ ಇದನ್ನ ತಗೊಳ್ಳಿ ತಾಯಿ. ನಿಲ್ಲೋದು ಅಂದ್ರೇನು ಅಂತಲೇ ಇದಕ್ಕೆ ಗೊತ್ತಿಲ್ಲ. ಕರೆಂಟು ಹೋದ್ರೂ ನಡೀತದೆ.”

ಮನೆಗೆ ತಂದೊಡನೆ ಸಣ್ಣವ್ವನೇ ಅದಕ್ಕೆ ಕುಂಕುಮ ಇಟ್ಟು ಆರತಿ ಎತ್ತಿದಳು. ಮೊದಲ ದಿನ ಬೂದಯ್ಯನ ಕೆಲಸ ಸಂಜೆಗೆ ಮುಂಚೆಯೇ ಮುಗಿಯಿತು. ಮಾರನೆಯ ಬೆಳಗ್ಗೆ ಕಚೇರಿಯ ಕುದುರೆ ಫೋನು ಮಾಡಿತು. “ಹೊಸ ಕಂಪ್ಯೂಟರು ತಂದಿರಂತೆ, ಸಂತೋಷ. ಇನ್ನು ಸ್ವಲ್ಪ ಜಾಸ್ತಿ ಕಾಗದ ಕಳಿಸಬಹುದಲ್ಲವೇ?”

ಆ ಸ್ವಲ್ಪಕ್ಕೆ ಕೊನೆಯೇ ಇರಲಿಲ್ಲ. ಸಂಜೆ ಹೋಯಿತು, ಹಬ್ಬ ಹೋಯಿತು. ಪುಟ್ಲಿಯ ಓದಿಗೆ ಕಂಪ್ಯೂಟರು ಒಮ್ಮೆಯೂ ಬಿಡುವಾಗಲಿಲ್ಲ. ಅವಳು ಬಾಗಿಲಲ್ಲಿ ನಿಂತು, “ಅಪ್ಪಾ, ಇವತ್ತಾದ್ರೂ ನಿಲ್ತದಾ?” ಎಂದು ಕೇಳುತ್ತಿದ್ದಳು. ಬೂದಯ್ಯ ಇಲ್ಲವೆಂದು ತಲೆಯಾಡಿಸುತ್ತಿದ್ದ. ಕೇಳಿ ಕೇಳಿ ಸಾಕಾಗಿ ಅವಳು ಅಪ್ಪ ಟೈಪು ಮಾಡುವುದನ್ನೇ ನಿಂತು ನೋಡುತ್ತ ಕಲಿತಳು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಸಣ್ಣವ್ವನಿಗೆ ತಿಳಿಯಲಿಲ್ಲ. ಆರಿಸಿ ತಂದವಳು ತಾನೇ ಅಲ್ಲವೇ!

ಹೀಗೆ ಕೆಲವು ವರ್ಷ ನಡೆಯಿತು. ಒಂದು ಮಧ್ಯಾಹ್ನ ಬೂದಯ್ಯನ ಮುಂಗಾಲು ಮರಗಟ್ಟಿತು, ಕತ್ತು ಅತ್ತಿತ್ತ ತಿರುಗದಾಯಿತು. ವೈದ್ಯರು ಇನ್ನು ಈ ಕೆಲಸ ಕೂಡದೆಂದರು. ಕುದುರೆ ತಾನೇ ಹಣ್ಣು ಹಿಡಿದು ನೋಡಲು ಬಂತು. ಮರ್ಯಾದಸ್ಥ ಕುದುರೆ; ಹೊಸ್ತಿಲಲ್ಲೇ ನಿಂತು ಮಾತಾಡಿತು.

“ಕೆಲಸ ನಿಲ್ಲಬಾರದಲ್ಲಮ್ಮ. ಮನೆಯಲ್ಲಿ ಇದು ಬಲ್ಲವರು ಇನ್ಯಾರಾದರೂ ಇದ್ದಾರೆಯೇ?”

“ನಾನಿದ್ದೀನಿ,” ಎಂದಳು ಪುಟ್ಲಿ.

ಸಣ್ಣವ್ವ ಬೇಡ ಎನ್ನಲು ಹೊರಟಳು. ಒಲೆಯ ಕಡೆ ನೋಡಿ, ಅದು ಉರಿಯಬೇಕಲ್ಲ ಎಂದುಕೊಂಡು, ಕುದುರೆ ತಂದ ಹಣ್ಣು ತೆಗೆದುಕೊಂಡಳು.

ಈಗ ಬೂದಯ್ಯನಿಗೆ ದಿನವಿಡೀ ಬಿಡುವು. ಅರ್ಧಕ್ಕೆ ಬಿಟ್ಟ ಕತೆಗಳನ್ನೆಲ್ಲ ಹಾಸಿಗೆಯಲ್ಲಿ ಮಲಗಿಯೇ ಒಂದೊಂದಾಗಿ ಮುಗಿಸಿಟ್ಟುಕೊಂಡಿದ್ದಾನೆ. ಸಂಜೆಯಾದರೆ ಗೋಡೆ ಹಿಡಿದು ಮೆಲ್ಲಗೆ ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.

“ಪುಟ್ಲೀ, ಅದು ನಿಂತಿತೇನಮ್ಮಾ?”

“ಇಲ್ಲಪ್ಪ,” ಎನ್ನುತ್ತಾಳೆ ಮಗಳು, ತಿರುಗದೆ, ಹೆಮ್ಮೆಯಿಂದ. “ಅಮ್ಮ ಆರಿಸಿದ್ದಲ್ವಾ, ಇದು ನಿಲ್ಲೋದೇ ಇಲ್ಲ.”