ಹಲ್ಲಿನ ಬೇರಿನಲ್ಲಿ ಒಂಬತ್ತು ವರ್ಷ

ನಾನು ಒಂದು ಉಕ್ಕಿನ ಎಳೆ. ಕಾರ್ಖಾನೆಯಲ್ಲಿ ತಂತಿಯನ್ನು ತಿರುಚಿ, ಅಂಚು ಕೊಟ್ಟು, ತಲೆಗೊಂದು ಕೆಂಪು ಹಿಡಿಕೆ ಕೂರಿಸಿ ನನ್ನನ್ನು ಮಾಡಿದರು. ಹಲ್ಲಿನ ಬೇರಿನೊಳಗಿನ ನಾಳವನ್ನು ಹೊಕ್ಕು ಕೊಳೆತ ನರವನ್ನು ಕೆರೆದು ತೆಗೆಯುವುದು ನನ್ನ ಕೆಲಸ. ದಂತವೈದ್ಯರು ನನ್ನನ್ನು ಫೈಲ್ ಎನ್ನುತ್ತಾರೆ.

ನಾನು ಬಂದು ಸೇರಿದ್ದು ಗದಗಿನ ಒಂದು ದವಾಖಾನೆಗೆ. ಅಲ್ಲಿಯ ಡಾಕ್ಟರು ಕೆಲಸ ಬಲ್ಲವರೇ, ಆದರೆ ಹಳೆಯದನ್ನು ಬಿಸಾಡಲು ಮನಸ್ಸಿಲ್ಲದವರು. ಹಬೆಯಲ್ಲಿ ಬೇಯಿಸಿ ಮತ್ತೆ ಮತ್ತೆ ಬಳಸಿದರು. ನನ್ನ ತಿರುಚು ಸಡಿಲವಾದದ್ದು ಅವರ ಕಣ್ಣಿಗೆ ಬೀಳಲಿಲ್ಲ.

ಒಂದು ಮಧ್ಯಾಹ್ನ ಯಮನಪ್ಪ ಭಜಂತ್ರಿ ಬಂದು ಕುರ್ಚಿಯಲ್ಲಿ ಒರಗಿದ. ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುವವನು. ಮೇಲಿನ ಮುಂದಿನ ಹಲ್ಲು ನೋಯುತ್ತಿತ್ತು. ಬೇರಿನ ತಿರುವಿನಲ್ಲಿ ನಾನು ಸಿಕ್ಕಿಕೊಂಡೆ. ಡಾಕ್ಟರು ಒಂದು ಸುತ್ತು ಹೆಚ್ಚೇ ತಿರುಗಿಸಿದರು. ಹಿಡಿಕೆ ಅವರ ಬೆರಳಲ್ಲಿ ಉಳಿಯಿತು. ಅಕ್ಕಿಕಾಳಿನ ಅರ್ಧದಷ್ಟಿದ್ದ ತುದಿ, ಅಂದರೆ ಈಗ ಮಾತಾಡುತ್ತಿರುವ ನಾನು, ಒಳಗೇ ಉಳಿದೆ.

ಡಾಕ್ಟರ ಕೈ ಒಂದು ಗಳಿಗೆ ನಿಂತಿತು. ತುಂಡು ಉಳಿದದ್ದನ್ನು ಯಮನಪ್ಪನಿಗೆ ಹೇಳುತ್ತಾರೆಂದು ಕಾದೆ. ಅವರು ರಬ್ಬರಿನಂಥ ಗುಲಾಬಿ ಮೇಣ ತುಂಬಿ, ಸಿಮೆಂಟು ಮುಚ್ಚಿ, ಎಲ್ಲ ಸರಿಹೋಯಿತು ಎಂದು ಯಮನಪ್ಪನನ್ನು ಕಳಿಸಿದರು.

ಕತ್ತಲು. ಒಂದು ಕಡೆ ಮೇಣ, ಸುತ್ತ ಹಲ್ಲಿನ ಗೋಡೆ, ಅಲುಗಾಡಲು ಜಾಗವಿಲ್ಲ. ಯಮನಪ್ಪ ವಾದ್ಯದ ಮೂತಿಗೆ ಆ ಹಲ್ಲನ್ನೇ ಊರಿ ಊದುತ್ತಿದ್ದ; ಒಂದೊಂದು ಸ್ವರವೂ ನನ್ನನ್ನು ನಡುಗಿಸುತ್ತಿತ್ತು. ನಾನು ಅಡ್ಡ ಕೂತಿದ್ದರಿಂದ ನನ್ನಾಚೆಯ ಚೂರು ಜಾಗ ಶುಚಿಯಾಗಿರಲಿಲ್ಲ. ಅಲ್ಲಿ ಮೆಲ್ಲಗೆ ಕೀವು ಕಟ್ಟಿತು.

ಒಂಬತ್ತನೆಯ ವರ್ಷ ತುಟಿ ಊದಿತು. ಎರಡು ಮದುವೆಗಳಲ್ಲಿ ಯಮನಪ್ಪ ವಾದ್ಯ ಹಿಡಿದು ಸುಮ್ಮನೆ ನಿಂತ. ಕೀಳಿಸಿಬಿಡಿ ಎಂದಳು ಹೆಂಡತಿ ಗಂಗವ್ವ. ಕಿತ್ತರೆ ಮೂವತ್ತು ವರ್ಷದಿಂದ ವಾದ್ಯಕ್ಕೆ ಕೂತ ಬಾಯಿಯ ಹಿಡಿತವೇ ಹೋಗುತ್ತದೆಂದು ಅವನಿಗೆ ಭಯ. ಕೊನೆಗೆ ಇಬ್ಬರೂ ಹುಬ್ಬಳ್ಳಿಯ ಡಾಕ್ಟರ್ ಶಾರದಾ ಹೊಂಬಳರ ಬಳಿ ಹೋದರು.

ಎಕ್ಸ್‌ರೇಯಲ್ಲಿ ನಾನು ಕಂಡೆ.

"ಒಳಗ ಫೈಲಿನ ತುಂಡ ಉಳದೈತ್ರಿ," ಎಂದರು ಆಕೆ. "ನಿಮಗ ಹೇಳಿರಲಿಲ್ಲೇನು?"

"ಇಲ್ರೀ," ಎಂದ ಯಮನಪ್ಪ. ಎಕ್ಸ್‌ರೇಯಲ್ಲಿ ಬಿಳಿ ಗೆರೆಯಾಗಿ ಕಂಡ ನನ್ನ ಮೇಲೆ ಬೆರಳಿಟ್ಟ.

ಒಸಡು ಕೊಯ್ಯದೆ, ಹಿಂದೆ ಹೋದ ದಾರಿಯಲ್ಲೇ ಮತ್ತೆ ಹೋಗಿ ನೋಡುತ್ತೇನೆ, ಆದರೆ ಬೇರು ಸೀಳಿದರೆ ಹಲ್ಲು ಕೀಳಲೇಬೇಕು ಎಂದು ಆಕೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ಅವನು ಒಪ್ಪಿದ.

ಮೇಣ ಕರಗಿಸಿ ತೆಗೆದಾಗ ಬೆಳಕು ಬಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಗುಂಯ್‌ಗುಡುವ ಸಣ್ಣ ಮೊನೆಯಿಂದ ನನ್ನ ಸುತ್ತಲಿನ ಗೋಡೆಯನ್ನು ಚೂರುಚೂರೇ ಸವೆಸಿದರು. ಒಂದು ಗಂಟೆಯಾದರೂ ನಾನು ಕದಲಲಿಲ್ಲ. ಬಲವಂತ ಮಾಡುವುದಿಲ್ಲ, ಇವತ್ತಿಗೆ ಸಾಕು ಎಂದು ಔಷಧಿ ಇಟ್ಟು ಮುಚ್ಚಿದರು. ಬೆಳಕು ಕಂಡ ಮೇಲಿನ ಕತ್ತಲು ಇನ್ನೂ ಭಾರ. ಮರುವಾರ ಮೊನೆ ತಾಗುತ್ತಲೇ ಸಡಿಲಾಗಿ, ನೀರಿನೊಡನೆ ಹೊರಬಿದ್ದೆ. ನಾಳವನ್ನು ಕೊನೆಯವರೆಗೂ ತೊಳೆದು ಹೊಸದಾಗಿ ತುಂಬಿದರು.

ಈಗ ಯಮನಪ್ಪನ ಕೇಸ್ ಪೇಪರಿನ ಮೇಲೆ, ಟೇಪಿನಡಿ ಇದ್ದೇನೆ. ಇಲ್ಲೂ ಅಲುಗಾಡುವಂತಿಲ್ಲ, ಆದರೆ ಬಂದವರಿಗೆ ಕಾಣುತ್ತೇನೆ. ವರ್ಷ ತುಂಬಿದಾಗ ಅವನು ಪರೀಕ್ಷೆಗೆ ಬಂದ. ಹೊಸ ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕೀವಿನ ಕಪ್ಪು ಕಲೆ ಮಾಯವಾಗಿ ಎಲುಬು ತುಂಬಿತ್ತು. ಹಿಂದಿನ ದಿನ ತಾನೇ ಲಕ್ಷ್ಮೇಶ್ವರದ ಮದುವೆಯಲ್ಲಿ ಊದಿ ಬಂದಿದ್ದ. ಗಂಗವ್ವ ನನ್ನತ್ತ ಬೆರಳು ತೋರಿಸಿ, ಈ ಹಾಳಾದ್ದೇ ಒಂಬತ್ತು ವರ್ಷ ಕಾಡಿತು ಎಂದು ಬೈದಳು.

"ಅದರ ಮ್ಯಾಲ ಯಾಕ ಸಿಟ್ಟ ಮಾಡ್ತಿ?" ಎಂದ ಯಮನಪ್ಪ. "ದುಡದು ಸವದು ಮುರದೈತಿ. ಅವತ್ತ ಆ ಡಾಕ್ಟರ್ ಒಂದ ಮಾತ ಹೇಳಿದ್ರ ಸಾಕಿತ್ತು."

ಹಲ್ಲಿನಿಂದ ಹೊರಬಂದು ವರ್ಷವಾಗಿತ್ತು. ನನಗೆ ಬಿಡುಗಡೆಯಾದದ್ದು ಆ ಮಾತು ಕೇಳಿದಾಗ.