ಖಾಲಿ ಕಾಣಬಾರದು

“ಆ ಮೂಲೆ ಸ್ವಲ್ಪ ಹಿಡ್ಕೊ ಅಮ್ಮ, ಹಾಳೆ ಗಾಳಿಗೆ ಮಡಚ್ಕೋತಿದೆ.”

ಏಣಿಯ ಮೇಲಿದ್ದ ಟೆಸ್ ಹಾಗೆಂದಾಗ ವೆರಾ ಹುದಾಕ್ ಅಂಗಡಿಯಿಂದ ಹೊತ್ತು ತಂದ ಕೊನೆಯ ಪೆಟ್ಟಿಗೆಯನ್ನು ಫುಟ್‌ಪಾತಿನ ಮೇಲಿಟ್ಟಳು. ಮಗಳ ನೇರಳೆ ಜಾಕೆಟ್ಟಿನ ಬೆನ್ನ ಮೇಲೆ ಪೇಟೆ ಸುಧಾರಣಾ ಸಂಘದ ಹೆಸರಿತ್ತು. ತೋಳು ಉದ್ದವಾಯಿತೆಂದು ಆ ಜಾಕೆಟ್ಟನ್ನು ವೆರಾಳೇ ಮಡಚಿ ಹೊಲಿದುಕೊಟ್ಟಿದ್ದಳು.

ಓಹಾಯೋದ ಆ ಊರಿನಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಮುಖ್ಯಬೀದಿಯ ಅಂಗಡಿಗಳು ಒಂದೊಂದಾಗಿ ಬಾಗಿಲಿಗೆ ಹಲಗೆ ಹೊಡೆಸಿಕೊಂಡಿದ್ದವು. ಬಟ್ಟೆ ಸರಿಪಡಿಸುವ ವೆರಾಳ ಅಂಗಡಿ ಮಾತ್ರ ಹೇಗೋ ಉಸಿರಾಡಿಕೊಂಡಿತ್ತು. ಕಟ್ಟಡಗಳ ಮಾಲೀಕರು ಸೇರಿ ಸಂಘ ಕಟ್ಟಿ, ತಮ್ಮ ಮೇಲೆ ತಾವೇ ಒಂದು ತೆರಿಗೆ ಹಾಕಿಕೊಂಡು ಬೀದಿಯನ್ನು ಎತ್ತಿ ನಿಲ್ಲಿಸಬೇಕು ಎಂಬ ಮಾತು ಬಂದಾಗ, ಅವರ ಸಹಿಗಾಗಿ ಬಾಗಿಲು ಬಾಗಿಲು ಅಲೆದವಳು ಅವಳು. ತನ್ನ ಅಂಗಡಿಯ ಕಟ್ಟಡದ ಮಾಲೀಕ ಕಾರ್ಬೋನ್ ಒಪ್ಪದಿದ್ದಾಗ ಅವನ ಮನೆಗೆ ಗಸಗಸೆ ತುಂಬಿದ ಸಿಹಿ ಸುರುಳಿ ಬೇಯಿಸಿಕೊಂಡು ಹೋಗಿದ್ದಳು.

“ನಿಂಗೆ ಕಟ್ಟಡ ಇಲ್ಲ, ಇದ್ರಲ್ಲಿ ವೋಟಿಲ್ಲ. ನಿಂಗ್ಯಾಕೆ ವೆರಾ ಇಷ್ಟು ಉರಿ?” ಎಂದು ಅವನು ನಕ್ಕಿದ್ದ. ಸುರುಳಿ ತಿಂದು, ಬೆರಳು ಒರೆಸಿಕೊಂಡು ಸಹಿ ಹಾಕಿದ್ದ.

ಸಂಘ ಬಂತು. ಹೇಳಿದ್ದನ್ನು ಮಾಡಿತು, ಅದನ್ನು ಅಲ್ಲಗಳೆಯುವಂತಿಲ್ಲ. ಬೆಳಗಾಗುವುದರೊಳಗೆ ಗುಡಿಸಿದ ಬೀದಿ, ಕೆಡದೆ ಉರಿಯುವ ದೀಪ, ಕಂಬಕಂಬಕ್ಕೆ ಹೂವಿನ ಬುಟ್ಟಿ. ಸಂಜೆ ಹೆಂಗಸರು ಒಬ್ಬೊಬ್ಬರೇ ಓಡಾಡತೊಡಗಿದರು. ಮಗುವನ್ನೆತ್ತಿಕೊಂಡು ತಾಯಿಯ ಮನೆಗೆ ವಾಪಸು ಬಂದಿದ್ದ ಟೆಸ್‌ಗೆ ಅಲ್ಲೇ ಕೆಲಸ ಸಿಕ್ಕಿತು. ಅವಳು ಮತ್ತೆ ಶಿಳ್ಳೆ ಹಾಕುತ್ತ ಪಾತ್ರೆ ತೊಳೆಯುವುದನ್ನು ವೆರಾ ಕೇಳಿದಳು. ಜನ ಬರುವ ಬೀದಿಗೆ ಹೆಚ್ಚು ಬಾಡಿಗೆ ಕೊಡುವವರೂ ಬಂದರು. ಬರುವ ಬೇಸಿಗೆಗೆ ಇಲ್ಲಿ ಬಿಯರ್ ಅಂಗಡಿ ಬರುತ್ತದೆ, ನೀನು ಬಿಡಬೇಕಾಗುತ್ತದೆ ಎಂದು ಹೇಳುವಾಗ ಕಾರ್ಬೋನ್ ಅವಳ ಮುಖ ನೋಡಲಿಲ್ಲ. ಕಂಬದ ಹೂ ನೋಡಿದ.

ಇವತ್ತು ಸಂಜೆ ಕ್ರಿಸ್‌ಮಸ್ ದೀಪ ಹಚ್ಚುವ ಹಬ್ಬ. ಸಂಘದ ಕಟ್ಟುನಿಟ್ಟು ಒಂದೇ: ಯಾವ ಅಂಗಡಿಯೂ ಖಾಲಿ ಕಾಣಬಾರದು. ಖಾಲಿಯಾದ ಅಂಗಡಿಯ ಗಾಜಿನ ಮೇಲೆ ತುಂಬಿದ ಅಂಗಡಿಯ ದೊಡ್ಡ ಚಿತ್ರ ಅಂಟಿಸುತ್ತಾರೆ. ಬ್ರೆಡ್ಡಿನ ರಾಶಿ, ಪುಸ್ತಕದ ಸಾಲು, ಏನಾದರೊಂದು. ಅಂಟಿಸುವುದು ಟೆಸ್‌ಳ ಕೆಲಸ.

ವೆರಾ ಮೂಲೆ ಹಿಡಿದಳು. ಚಿತ್ರದ ಸುರುಳಿ ಎಡದಿಂದ ಬಲಕ್ಕೆ ಬಿಚ್ಚಿಕೊಳ್ಳುತ್ತ ಬಂತು. ಮೊದಲು ಹೊಲಿಗೆ ಯಂತ್ರದ ಚಕ್ರ, ಆಮೇಲೆ ಮದುವೆಯ ಬಿಳಿ ಉಡುಪು, ಅದರ ಮೇಲೊಂದು ಕೈ. ಕಾಲರಿನ ತುಂಬ ಗುಂಡುಸೂಜಿ ಚುಚ್ಚಿಕೊಂಡ ಹೆಂಗಸು ತಲೆ ಎತ್ತಿ ನಗುತ್ತಿದ್ದಳು. ಅಂದು ಸಹಿ ಕೇಳಲು ಹೋಗುವಾಗ ಕರಪತ್ರಕ್ಕೆಂದು ವೆರಾ ತೆಗೆಸಿಕೊಟ್ಟಿದ್ದ ತನ್ನದೇ ಫೋಟೊ.

“ಇದಾ?” ಎಂದಳು.

ಟೆಸ್ ಏಣಿಯಿಂದ ಇಳಿಯಲಿಲ್ಲ. “ಬೇರೆ ಯಾವ್ದಾದ್ರೂ ಕೊಡಿ ಅಂತ ಕೇಳ್ದೆ ಅಮ್ಮ. ನೀನೇ ಈ ಬೀದಿ ಮುಖ ಅಂತೆ. ಗೌರವ ಅಂತೆ.”

“ಜಾಗ ಬಿಡು, ಮುಖ ಇಟ್ಟು ಹೋಗು. ಚೆನ್ನಾಗಿದೆ.”

“ಬೇಡ ಅನ್ನು. ಸುತ್ತಿ ವ್ಯಾನಿಗೆ ಎಸೀತೀನಿ. ಏನ್ಮಾಡ್ತಾರೆ, ಕೆಲಸದಿಂದ ತೆಗೀತಾರೆ, ಅಷ್ಟೆ.”

“ಅಷ್ಟೆ,” ಎಂದಳು ವೆರಾ. “ಆಮೇಲೆ ಇಬ್ರೂ ಅಡುಗೆಮನೇಲಿ ಕೂತು, ಆ ಮಗೂಗೆ ಏನು ಹಾಕೋದು ಅಂತ ಒಬ್ರ ಮುಖ ಒಬ್ರು ನೋಡೋಣ.”

ಟೆಸ್ ಹಾಳೆಯನ್ನು ಗಾಜಿಗೆ ಒತ್ತಿದಳು. ಅವಸರಕ್ಕೆ ಒಳಗೆ ಗಾಳಿ ಸಿಕ್ಕಿ ಚಿತ್ರದ ಕೆನ್ನೆಯ ಮೇಲೆ ಒಂದು ಗುಳ್ಳೆ ಎದ್ದಿತು. ಬೆರಳಿನಿಂದ ತಳ್ಳಿದರೆ ಅದು ಕಣ್ಣಿನ ಕಡೆಗೆ ಸರಿಯಿತು.

“ಬಿಡು, ಹರಿದೀತು.”

ವೆರಾ ಪೆಟ್ಟಿಗೆ ಬಿಚ್ಚಿ, ಇಸ್ತ್ರಿಯಾದ ಹೊಲಿಗೆಯನ್ನು ಒತ್ತಿ ಕೂರಿಸುವ ಮರದ ತುಂಡನ್ನು ತೆಗೆದಳು. ಹಿಡಿಯುವ ಕಡೆ ಅದು ಅವಳ ಬೆರಳಿನ ಆಕಾರಕ್ಕೇ ಸವೆದಿತ್ತು. ಜ್ವರದ ಮಗುವಿನ ಹಣೆ ಒರೆಸುವವಳ ಹಾಗೆ ಮೆಲ್ಲಗೆ, ನಡುವಿನಿಂದ ಅಂಚಿಗೆ ಸವರಿದಳು. ಕೆನ್ನೆ ಸಮವಾಯಿತು.

“ಎಷ್ಟು ನಕ್ಕಿದ್ದೀಯ ನೋಡು,” ಎಂದಳು ಟೆಸ್.

“ಫೋಟೊದವನು ಹೊಟ್ಟೆ ಒಳಗೆಳ್ಕೊಳ್ಳಿ ಅಂದಿದ್ದ. ಅದಕ್ಕೆ.”

ಅಷ್ಟರಲ್ಲಿ ಯಾರೋ ಹೆಂಗಸು ಬಂದು ಅಂಗಡಿಯ ಬಾಗಿಲು ಎಳೆದಳು. ಅವಳ ತೋಳಿನ ಮೇಲೆ ಪುಟ್ಟ ಕೆಂಪು ಮಖಮಲ್ಲಿನ ಉಡುಪಿತ್ತು. ಬಾಗಿಲು ತೆರೆಯಲಿಲ್ಲ. ಗಾಜಿನ ಮೇಲಿನ ಮುಖ ನೋಡಿದಳು, ಪಕ್ಕದಲ್ಲಿ ನಿಂತವಳ ಮುಖ ನೋಡಿ ಸಮಾಧಾನಗೊಂಡಳು.

“ನೀವೇ ಅಲ್ವಾ? ಸದ್ಯ, ಸಿಕ್ಕಿದ್ರಿ. ಮಗಳು ಸಂಜೆ ಹಾಡೋಕೆ ನಿಲ್ತಾಳೆ, ಅಂಚು ಕಾಲಿಗೆ ಸಿಕ್ಕಿಹಾಕ್ಕೊಳ್ಳತ್ತೆ. ಎಷ್ಟೊತ್ತಿಗೆ ತೆಗೀತೀರಿ?”

ವೆರಾ ಮರದ ತುಂಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಉಡುಪನ್ನು ತೆಗೆದುಕೊಂಡಳು. ಅಂಚನ್ನು ಒಳಕ್ಕೆ ಮಡಚಿದಳು. ಸೂಜಿಗಾಗಿ ಕೈ ಕಾಲರಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಮಡಚಿದ್ದನ್ನು ಎರಡು ಬೆರಳ ನಡುವೆ ಹಾಗೇ ಹಿಡಿದು ನಿಂತಳು.

ಏಣಿಯ ಮೇಲೆ ಟೆಸ್ ಚಿತ್ರದ ಕಾಲರನ್ನು ಅಂಗೈಯಿಂದ ಸವರುತ್ತಲೇ ಇದ್ದಳು.